ಎರಡು ಎಕರೆ, ನಾನೂರು ಮನೆ: ಸಭೆಯಲ್ಲಿ ಏನು ಕೇಳಬೇಕು?

ಓಣಿಯವಳು

ನಮ್ಮ ವಾರ್ಡಿನ ನಟ್ಟನಡುವೆ ಹಳೇ ಬಸ್ ಡಿಪೋ ಇತ್ತು. ಈಗ ಖಾಲಿ ಬಿದ್ದಿದೆ. ಎರಡು ಎಕರೆ ಜಾಗ. ಅಲ್ಲಿ ಕಡಿಮೆ ಆದಾಯದವರಿಗೆ ನಾನೂರು ಮನೆ ಕಟ್ಟುವ ಕರಡು ಯೋಜನೆ ಬಂದಿದೆ. ಡಿಪೋದ ಹಿಂದಿನ ಗೋಡೆಗೆ ಒತ್ತಿಕೊಂಡು ಅರವತ್ತು ಶೀಟಿನ ಮನೆಗಳಿವೆ. ನಮ್ಮದೂ ಅದರಲ್ಲಿ ಒಂದು. ಎಲ್ಲರಿಗೂ ಅಲ್ಲೇ ಮನೆ ಕೊಡುತ್ತೇವೆ ಅಂದಿದ್ದಾರೆ.

ಆಕ್ಷೇಪಣೆ ಹೇಳಲು ಮೂವತ್ತು ದಿನ ಕೊಟ್ಟಿದ್ದಾರೆ. ನಕ್ಷೆ ನೋಡಿ ಬಂದೆ. ಹದಿನಾಲ್ಕು ಮಹಡಿಯ ಎರಡು ಕಟ್ಟಡ, ನಡುವೆ ಹಸಿರು ಬಣ್ಣ, ಆ ಹಸಿರಿನ ಮೇಲೆ ಬಲೂನು ಹಿಡಿದ ಒಂದು ಮಗು. ನನಗೆ ಅರ್ಥವಾಗಿದ್ದು ಬಲೂನು ಮಾತ್ರ. ಗೊತ್ತಿದ್ದವರು ಹೇಳಿ, ಸಭೆಯಲ್ಲಿ ಏನು ಕೇಳಬೇಕು?

ಅಳತೆಟೇಪು

ಮೊದಲು ಲೆಕ್ಕ, ಆಮೇಲೆ ಬಲೂನು. ನಕ್ಷೆ ಬರೆಯೋದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಎರಡು ಎಕರೆ ಅಂದರೆ 87,120 ಚದರ ಅಡಿ. ಎಫ್‌ಎಆರ್ 2.5 ಅಂತ ಇಟ್ಟುಕೊಳ್ಳಿ, ಅಂದರೆ ಎಲ್ಲ ಮಹಡಿ ಸೇರಿ ಜಾಗದ ಎರಡೂವರೆ ಪಟ್ಟು ಕಟ್ಟಬಹುದು. ಸುಮಾರು 2,17,800 ಚದರ ಅಡಿ ಆಯಿತು. ಗೋಡೆ, ಮೆಟ್ಟಿಲು, ಲಿಫ್ಟು, ಪ್ಯಾಸೇಜು ಅಂತ ಕಾಲು ಭಾಗ ಹೋಗುತ್ತದೆ. ಉಳಿಯೋದು 1,63,000 ಚಿಲ್ಲರೆ. ಮನೆಯ ಒಳಗಿನ ಅಳತೆ 400 ಚದರ ಅಡಿ ಅಂದರೆ ನಾನೂರು ಮನೆ. ಸರಿ, ಅವರ ಸಂಖ್ಯೆ ಸುಳ್ಳಲ್ಲ.

ಈಗ ನಕ್ಷೆಯಲ್ಲಿ ಪಾರ್ಕಿಂಗ್ ಎಷ್ಟಿದೆ ಹುಡುಕಿ. ಒಂದು ಕಾರು ನಿಲ್ಲಲು ನೂರೈವತ್ತು ಚದರ ಅಡಿ ಸಾಕು. ಆದರೆ ಅದು ಒಳಗೆ ಬರಬೇಕು, ತಿರುಗಬೇಕು, ಹೊರಗೆ ಹೋಗಬೇಕು. ದಾರಿ, ರ‍್ಯಾಂಪು ಎಲ್ಲ ಸೇರಿದರೆ ಮುನ್ನೂರು ಅಡಿ ಹತ್ತಿರ ಬರುತ್ತದೆ. ಮನೆಗೊಂದು ಕಾರು ಅಂತ ನಿಯಮ ಹಾಕಿದ್ದರೆ 1,20,000 ಚದರ ಅಡಿ ಕಾರಿಗೇ ಬೇಕು. ಅದು ಮುನ್ನೂರು ಮನೆಗಳ ಒಳಗಿನ ಜಾಗಕ್ಕೆ ಸಮ. ಕಾರು ಇಲ್ಲದವರ ಮನೆಗೆ! ಮೊದಲ ಪ್ರಶ್ನೆ ಇದೇ ಆಗಲಿ.

ಕಟ್ಟೆ ಮೇಲೆ ಕೂತವನು

ಪಾರ್ಕಿಂಗ್ ಜಾಗವನ್ನು ಬಹಳ ಕಡೆ ಎಫ್‌ಎಆರ್‌ನಲ್ಲಿ ಹಿಡಿಯೋದೇ ಇಲ್ಲ ಸರ್. ಸುಮ್ನೆ ಹೆದರಿಸಬೇಡಿ.

ಅಳತೆಟೇಪು

ಹಿಡಿಯೋದಿಲ್ಲ, ಒಪ್ಪಿದೆ. ಆದರೆ ಆ ವಿಷಯ ಕಬ್ಬಿಣಕ್ಕೆ, ಸಿಮೆಂಟಿಗೆ ಗೊತ್ತಿಲ್ಲ. ನೆಲಮಾಳಿಗೆ ಅಗೆದ ಖರ್ಚು ಕೊನೆಗೆ ಮನೆಯ ಬೆಲೆಗೇ ಬಂದು ಕೂರುತ್ತದೆ. ನ್ಯೂಜಿಲೆಂಡ್ 2020ರಲ್ಲಿ ರಾಷ್ಟ್ರಮಟ್ಟದ ನೀತಿ ತಂದು, ನಗರ ಯೋಜನೆಗಳಿಂದ ‘ಕನಿಷ್ಠ ಇಷ್ಟು ಪಾರ್ಕಿಂಗ್ ಇರಲೇಬೇಕು’ ಅನ್ನುವ ಷರತ್ತನ್ನೇ ತೆಗೆಸಿತು. ಕಟ್ಟಬೇಡಿ ಅಂತಲ್ಲ, ಬೇಕಾದಷ್ಟು ಕಟ್ಟಿಕೊಳ್ಳಿ ಅಂತ. ಇಲ್ಲಿ ಸೈಕಲ್, ಸ್ಕೂಟರ್, ತಳ್ಳುಗಾಡಿ ನಿಲ್ಲಿಸಲು ಜಾಗ ಕೇಳಿ. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ತಿರುಗಲು ಜಾಗ ಕೇಳಿ. ಅದು ಬಿಟ್ಟು ನಾನೂರು ಕಾರಿಗೆ ಯಾಕೆ?

ಕಟ್ಟೆ ಮೇಲೆ ಕೂತವನು

ನಾನು ಬೇರೆಯದೇ ಕೇಳುತ್ತೇನೆ, ಬೈಯಬೇಡಿ. ಊರ ನಡುವಿನ ಎರಡು ಎಕರೆ ಅಂದರೆ ಚಿನ್ನ. ಹರಾಜು ಹಾಕಿ. ಬಂದ ದುಡ್ಡಲ್ಲಿ ಊರಾಚೆ ಜಾಗ ತೆಗೆದುಕೊಂಡರೆ ನಾನೂರರ ಬದಲು ಸಾವಿರದ ಇನ್ನೂರು ಮನೆ ಕಟ್ಟಬಹುದು. ಜಾಸ್ತಿ ಜನರಿಗೆ ಸೂರು ಸಿಗುತ್ತದೆ ಅಲ್ವಾ? ಇದರಲ್ಲಿ ತಪ್ಪೇನು?

ಬಾಡಿಗೆ ಮನೆ

ತಪ್ಪು ಏನು ಅಂತ ನಾನು ಹೇಳುತ್ತೇನೆ. ನನ್ನ ಅಕ್ಕನಿಗೆ ಹಾಗೇ ಊರಾಚೆ ಮನೆ ಸಿಕ್ಕಿತು. ಗಟ್ಟಿ ಮನೆ, ಹೊಸ ಬಣ್ಣ, ನಲ್ಲಿ. ಅವಳು ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗ್ಗೆ ಏಳಕ್ಕೆ ಮೊದಲ ಮನೆ. ಆ ಬಡಾವಣೆಯಿಂದ ಮೊದಲ ಬಸ್ಸೇ ಆರೂ ಮುಕ್ಕಾಲಿಗೆ. ಮೊದಲು ಒಂದು ಮನೆ ಬಿಟ್ಟಳು, ಆಮೇಲೆ ಎರಡು. ವರ್ಷ ಕಳೆಯೋದರೊಳಗೆ ಬೀಗ ಹಾಕಿ ವಾಪಸ್ ಬಂದು ನಮ್ಮ ಪಕ್ಕದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಆ ಮನೆ ಇವತ್ತಿಗೂ ಖಾಲಿ. ಸರ್ಕಾರದ ಪಟ್ಟಿಯಲ್ಲಿ ಮಾತ್ರ ಅವಳಿಗೆ ಸೂರು ಸಿಕ್ಕಿದೆ.

ಬಾಡಿಗೆ ಅನ್ನೋದು ಆದಾಯದ ಮೂರನೇ ಒಂದು ಭಾಗ ದಾಟಬಾರದು ಅಂತ ದೊಡ್ಡವರು ಹೇಳುತ್ತಾರೆ. ಬಸ್ಸಿನ ದುಡ್ಡು, ದಾರಿಯಲ್ಲಿ ಹೋದ ಹೊತ್ತು, ಇದನ್ನೂ ಬಾಡಿಗೆ ಜೊತೆ ಕೂಡಿಸಿ ನೋಡಿ. ಊರಾಚೆಯ ಮನೆ ಅಗ್ಗವಾಗಿ ಉಳಿಯೋದಿಲ್ಲ.

ಅಳತೆಟೇಪು

ಇದಕ್ಕೆ ಒಂದು ಒಳ್ಳೆ ಉದಾಹರಣೆ ಇದೆ. ಚಿಲಿ ದೇಶದ ಇಕೀಕೆ ಅನ್ನುವ ಊರು. ಊರ ನಡುವೆ ಅರ್ಧ ಹೆಕ್ಟೇರ್ ಜಾಗದಲ್ಲಿ ಸುಮಾರು ನೂರು ಕುಟುಂಬಗಳು ಮೂವತ್ತು ವರ್ಷದಿಂದ ಇದ್ದವು. ಒಂದು ಕುಟುಂಬಕ್ಕೆ ಸಿಗುತ್ತಿದ್ದ ನೆರವು 7,500 ಡಾಲರ್. ಜಾಗ, ಚರಂಡಿ, ಮನೆ ಎಲ್ಲ ಅದರಲ್ಲೇ ಆಗಬೇಕು. ಅಷ್ಟು ದುಡ್ಡಿಗೆ ಆ ದುಬಾರಿ ಜಾಗದಲ್ಲಿ ಪೂರ್ತಿ ಮನೆ ಆಗೋದೇ ಇಲ್ಲ. ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನಾ ತಂಡ ಅರ್ಧ ಮನೆ ಕಟ್ಟಿತು. ಅಡುಗೆಮನೆ, ಬಚ್ಚಲು, ಮೆಟ್ಟಿಲು, ನಡುಗೋಡೆ, ಅಂದರೆ ಜನ ಸ್ವಂತವಾಗಿ ಕಟ್ಟಲು ಕಷ್ಟವಾದದ್ದನ್ನೆಲ್ಲ ಮುಗಿಸಿ ಕೊಟ್ಟರು. ಪಕ್ಕದಲ್ಲಿ ಅಷ್ಟೇ ಅಗಲದ ಖಾಲಿ ಜಾಗ ಬಿಟ್ಟರು. ಕೈಯಲ್ಲಿ ಕಾಸು ಬಂದಾಗ ಒಬ್ಬೊಬ್ಬರೇ ಅದನ್ನು ತುಂಬಿಕೊಂಡರು.

ಮನೆ ಆಮೇಲೆ ಬೆಳೆಯಬಹುದು. ಜಾಗ ನಡೆದುಕೊಂಡು ಊರೊಳಗೆ ಬರೋದಿಲ್ಲ. ಹದಿನಾಲ್ಕು ಮಹಡಿಯಲ್ಲಿ ಈ ಉಪಾಯ ನಡೆಯೋದಿಲ್ಲ ಅನ್ನೋದೂ ನಿಜ. ಅದಕ್ಕೇ ಎತ್ತರದ ಬಗ್ಗೆ ಆಮೇಲೆ ಬರೆಯುತ್ತೇನೆ.

ಲೆಕ್ಕದ ಪುಸ್ತಕ

ಎಲ್ಲರೂ ಮನೆಯ ಬಗ್ಗೆ ಮಾತಾಡುತ್ತಿದ್ದೀರಿ. ನಾನು ನೆಲದ ಬಗ್ಗೆ ಕೇಳುತ್ತೇನೆ. ಕಟ್ಟಿದ ಮೇಲೆ ಆ ಎರಡು ಎಕರೆ ಯಾರ ಹೆಸರಲ್ಲಿರುತ್ತದೆ? ಕರಡಿನಲ್ಲಿ ಈ ಸಾಲು ಹುಡುಕಿ. ಬೇರೆ ಏನೂ ಓದದಿದ್ದರೂ ಪರವಾಗಿಲ್ಲ.

ಯಾಕೆ ಅಂದರೆ, ಊರ ನಡುವೆ ಮನೆ ದುಬಾರಿ ಆಗೋದು ಇಟ್ಟಿಗೆಯಿಂದ ಅಲ್ಲ. ಅದೇ ಇಟ್ಟಿಗೆ, ಅದೇ ಗಾರೆ, ಇಪ್ಪತ್ತು ಕಿಲೋಮೀಟರ್ ಆಚೆ ಅರ್ಧ ಬೆಲೆಗೆ ಮನೆಯಾಗುತ್ತದೆ. ವ್ಯತ್ಯಾಸ ಪೂರ್ತಿ ನೆಲದ್ದು. ಈಗ ಸರ್ಕಾರ ಈ ನೆಲದ ಬೆಲೆ ಬಿಟ್ಟುಕೊಟ್ಟು ಅಗ್ಗದ ಮನೆ ಹಂಚುತ್ತದೆ. ಪೂರ್ತಿ ಮಾರುವ ಹಕ್ಕೂ ಕೊಟ್ಟರೆ ಮೊದಲ ಮಾಲೀಕ ಐದು ವರ್ಷದ ನಂತರ ಮಾರುಕಟ್ಟೆ ಬೆಲೆಗೆ ಮಾರುತ್ತಾನೆ. ಅವನನ್ನು ದೂರೋದಿಲ್ಲ, ಯಾರಾದರೂ ಮಾರುತ್ತಾರೆ. ಆದರೆ ಆ ದಿನದಿಂದ ಅದು ಅಗ್ಗದ ಮನೆ ಅಲ್ಲ. ನಾನೂರು ಮನೆ ಒಂದೇ ತಲೆಮಾರಿಗೆ ಮುಗಿಯಿತು.

ಅಮೆರಿಕದ ಮಾಂಟ್‌ಗೊಮೆರಿ ಕೌಂಟಿ 1974ರಲ್ಲೇ ಕಾನೂನು ಮಾಡಿ, ದೊಡ್ಡ ಬಿಲ್ಡರ್‌ಗಳು ಇಂತಿಷ್ಟು ಅಗ್ಗದ ಮನೆ ಕೊಡಲೇಬೇಕು ಅಂದಿತು. ಒಳ್ಳೆ ಕೆಲಸ. ಆದರೆ ಶುರುವಿನಲ್ಲಿ ಬೆಲೆಯ ಮೇಲಿನ ನಿರ್ಬಂಧ ಕೆಲವೇ ವರ್ಷದ್ದು. ಅವಧಿ ಮುಗಿದ ಹಾಗೆ ಸಾವಿರಾರು ಮನೆಗಳು ಕೈಬಿಟ್ಟುಹೋದವು. ಆಮೇಲೆ ಅವಧಿ ಉದ್ದ ಮಾಡಿದರು.

ಬೇರೆ ದಾರಿಗಳೂ ಇವೆ. ಸಿಂಗಪುರದಲ್ಲಿ ವಸತಿ ಮಂಡಳಿಯ ಫ್ಲ್ಯಾಟು 99 ವರ್ಷದ ಗುತ್ತಿಗೆ ಮೇಲೆ, ನೆಲ ಸರ್ಕಾರದ್ದೇ. ವಿಯೆನ್ನಾ ನಗರ 1984ರಲ್ಲಿ ಒಂದು ನಿಧಿ ಮಾಡಿತು. ಅದರ ಮುಖ್ಯ ಕೆಲಸ ಮುಂದೆ ಬೇಕಾಗುವ ಜಾಗವನ್ನು ಮೊದಲೇ ಕೊಂಡಿಟ್ಟುಕೊಳ್ಳೋದು. ಇವತ್ತು ಆ ನಗರದ ಹೆಸರಲ್ಲೇ ಸುಮಾರು 2,20,000 ಬಾಡಿಗೆ ಮನೆಗಳಿವೆ. ಅಮೆರಿಕದ ಬರ್ಲಿಂಗ್ಟನ್ ಅನ್ನುವ ಪುಟ್ಟ ಊರಲ್ಲಿ 1984ರಿಂದ ಸಮುದಾಯ ಭೂ ಟ್ರಸ್ಟ್ ಇದೆ. ನೆಲ ಟ್ರಸ್ಟಿನದು, ಮನೆ ನಿಮ್ಮದು. ಮಾರುವಾಗ ಲಾಭದಲ್ಲಿ ಒಂದು ಪಾಲು ನಿಮಗೆ, ಉಳಿದದ್ದು ಬಿಟ್ಟುಕೊಡಬೇಕು. ಹಾಗಾಗಿ ಮುಂದಿನವರಿಗೂ ಆ ಮನೆ ಕೈಗೆಟುಕುತ್ತದೆ.

ಬಾಡಿಗೆ ಮನೆ

ಇದು ಓದೋಕೆ ಚೆನ್ನಾಗಿದೆ ಸರ್. ಆದರೆ ಕೇಳೋಕೆ ಸ್ವಲ್ಪ ನೋವಾಗುತ್ತದೆ. ದುಡ್ಡಿದ್ದವರು ಮನೆ ಮಾರಿ ಪೂರ್ತಿ ಲಾಭ ತೆಗೆದುಕೊಳ್ಳಬಹುದು. ಬಡವರಿಗೆ ಸಿಕ್ಕಾಗ ಮಾತ್ರ ‘ಮಾರಬೇಡ, ಮುಂದಿನವರನ್ನು ನೋಡು’. ಮಗಳ ಓದಿಗೆ, ಆಸ್ಪತ್ರೆಗೆ ನಮಗಿರೋ ಒಂದೇ ಆಸ್ತಿ ಅದು.

ಲೆಕ್ಕದ ಪುಸ್ತಕ

ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನ್ಯಾಯದ ಮಾತೇ. ನಾನು ಯೋಚಿಸೋದು ಹೀಗೆ: ಈಗಾಗಲೇ ಅಲ್ಲಿ ಇರುವ ಅರವತ್ತು ಕುಟುಂಬಗಳ ವಿಷಯ ಬೇರೆ. ಅವರು ವರ್ಷಗಟ್ಟಲೆ ಆ ನೆಲದ ಮೇಲೆ ಬದುಕು ಕಟ್ಟಿದ್ದಾರೆ, ಅವರಿಗೆ ಗಟ್ಟಿ ಹಕ್ಕು ಸಿಗಲಿ. ಉಳಿದ ಮುನ್ನೂರ ನಲವತ್ತು ಮನೆ ಬಾಡಿಗೆಗೇ ಇರಲಿ, ನೆಲ ಸಾರ್ವಜನಿಕರದ್ದಾಗಿ ಉಳಿಯಲಿ. ಊರಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಮನೆ ಕೊಳ್ಳೋದು ಬೇಕಾಗಿಲ್ಲ, ಮರ್ಯಾದೆಯಾಗಿ ಇರಲು ಒಂದು ಬಾಡಿಗೆ ಮನೆ ಬೇಕು.

ಕಟ್ಟೆ ಮೇಲೆ ಕೂತವನು

ನಾನು ಇನ್ನೂ ಒಪ್ಪಿಲ್ಲ. ಸಿಂಗಪುರ, ವಿಯೆನ್ನಾ ಎಲ್ಲ ಸರಿ. ಸಿಂಗಪುರ 1966ರಲ್ಲಿ ಭೂಸ್ವಾಧೀನದ ಕಾಯ್ದೆ ತಂದು ಜಾಗವನ್ನು ಅಗ್ಗವಾಗಿ ತೆಗೆದುಕೊಂಡಿತು. ಎಲ್ಲ ಕಡೆ ಅದು ಸಾಧ್ಯವಾ? ಸರ್ಕಾರ ಕಟ್ಟಿ ಕೈಸುಟ್ಟುಕೊಂಡ ಕಥೆಯನ್ನೂ ಹೇಳಿ. ಅಮೆರಿಕದ ಸೇಂಟ್ ಲೂಯಿಸ್‌ನ ಪ್ರೂಟ್ ಐಗೋ. ಹನ್ನೊಂದು ಮಹಡಿಯ 33 ಕಟ್ಟಡಗಳು. ಐವತ್ತರ ದಶಕದಲ್ಲಿ ಕಟ್ಟಿದರು, 1972ರಲ್ಲಿ ಕೆಡವಲು ಶುರು ಮಾಡಿದರು. ಇಪ್ಪತ್ತು ವರ್ಷ ಕೂಡ ಬಾಳಲಿಲ್ಲ.

ಪಂಪ್‌ಹೌಸ್

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಪ್ರೂಟ್ ಐಗೋ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಕಟ್ಟಡ ನಿರ್ವಹಣೆಯ ಸೂಪರ್‌ವೈಸರ್. ಹದಿನೇಳು ವರ್ಷದಿಂದ ಲಿಫ್ಟು, ಪಂಪು, ಸಂಪು ಇವೇ ನನ್ನ ನೆಂಟರು.

ಅಲ್ಲಿ ನಿರ್ವಹಣೆಯ ದುಡ್ಡು ಬರಬೇಕಿದ್ದದ್ದು ಬಾಡಿಗೆಯಿಂದಲೇ. ಊರಲ್ಲಿ ಜನ ಕಡಿಮೆಯಾದರು, ಮನೆಗಳು ಖಾಲಿಯಾದವು, ಬಾಡಿಗೆ ಇಳಿಯಿತು, ರಿಪೇರಿ ನಿಂತಿತು. ರಿಪೇರಿ ನಿಂತ ಮೇಲೆ ಇನ್ನಷ್ಟು ಮನೆ ಖಾಲಿ. ಅದರ ಮೇಲೆ ಅಲ್ಲಿನ ಲಿಫ್ಟು ಎಲ್ಲ ಮಹಡಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಒಂದು, ನಾಲ್ಕು, ಏಳು, ಹತ್ತು, ಅಷ್ಟೇ. ಉಳಿದವರು ಕತ್ತಲೆ ಮೆಟ್ಟಿಲು ಹತ್ತಬೇಕು. ಕಟ್ಟಿದ್ದು ಮಾತ್ರ ಸರ್ಕಾರ, ನೋಡಿಕೊಳ್ಳೋದನ್ನು ಬಡ ಬಾಡಿಗೆದಾರರ ತಲೆಗೆ ಕಟ್ಟಿದರು. ಆನೆ ಕೊಟ್ಟು ಮೇವು ನೀವೇ ತನ್ನಿ ಅಂದ ಹಾಗೆ.

ನನ್ನದೇ ಒಂದು ಅನುಭವ. ಇಂಥದ್ದೇ ಒಂದು ಹನ್ನೆರಡು ಮಹಡಿಯ ಕಟ್ಟಡ. ಎರಡು ಲಿಫ್ಟು. ಒಂದು ಎಂದೋ ಸತ್ತಿತ್ತು, ಅದರ ಬಿಡಿಭಾಗ ತೆಗೆದು ಇನ್ನೊಂದನ್ನು ನಡೆಸುತ್ತಿದ್ದೆವು. ಅದೂ ನಿಂತಿತು. ಮೋಟಾರಿನ ಕಂಟ್ರೋಲ್ ಕಾರ್ಡು ಬರಲು ಹನ್ನೊಂದು ದಿನ. ಒಂಬತ್ತನೇ ಮಹಡಿಯಲ್ಲಿ ಡಯಾಲಿಸಿಸ್‌ಗೆ ಹೋಗುವ ಒಬ್ಬ ಯಜಮಾನರಿದ್ದರು. ವಾರಕ್ಕೆ ಎರಡು ಸಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸುತ್ತಿದ್ದೆವು. ತಿರುವಿನಲ್ಲಿ ಕುರ್ಚಿ ಹಿಡಿಯೋದಿಲ್ಲ, ಮೆಟ್ಟಿಲು ಅಷ್ಟು ಕಿರಿದು. ಅಲ್ಲಿ ಅವರನ್ನು ಎತ್ತಿ ನಿಲ್ಲಿಸಿ, ಕುರ್ಚಿ ಓರೆ ಮಾಡಿ, ಮತ್ತೆ ಕೂರಿಸಬೇಕು. ಹದಿನೆಂಟು ತಿರುವು. ಪ್ರತಿ ತಿರುವಿನಲ್ಲೂ ಅವರು ‘ಕ್ಷಮಿಸಪ್ಪ’ ಅನ್ನುತ್ತಿದ್ದರು. ನನಗೆ ಈಗಲೂ ಆ ಮಾತು ಕಿವಿಯಲ್ಲಿದೆ.

ಓಣಿಯವಳು ಅಮ್ಮ, ಮೂರು ವಿಷಯ ಬರೆದುಕೊಳ್ಳಿ. ಲಿಫ್ಟಿನ ವಾರ್ಷಿಕ ಒಪ್ಪಂದದ ದುಡ್ಡು ಯಾರು ಕಟ್ಟುತ್ತಾರೆ, ಎಷ್ಟು ವರ್ಷ? ಪಂಪು, ಪ್ಯಾಸೇಜ್ ದೀಪದ ಕರೆಂಟ್ ಬಿಲ್ ಯಾರ ಹೆಸರಿಗೆ ಬರುತ್ತದೆ? ದೊಡ್ಡ ರಿಪೇರಿಗೆ ಅಂತ ಮೊದಲ ದಿನವೇ ಒಂದು ನಿಧಿ ತೆಗೆದಿಡುತ್ತಾರಾ? ಮೂರಕ್ಕೂ ‘ನಿವಾಸಿಗಳ ಸಂಘ ನೋಡಿಕೊಳ್ಳುತ್ತದೆ’ ಅಂತ ಉತ್ತರ ಬಂದರೆ, ಅಲ್ಲಿಗೆ ಮುಗಿಯಿತು.

ಅಳತೆಟೇಪು

ಪಂಪ್‌ಹೌಸ್ ಹೇಳಿದ್ದಕ್ಕೆ ನನ್ನ ಎತ್ತರದ ಲೆಕ್ಕ ಸೇರಿಸುತ್ತೇನೆ. ಗೋಪುರ ಕಟ್ಟಿದರೆ ಜಾಸ್ತಿ ಮನೆ ಸಿಗುತ್ತವೆ ಅಂತ ಎಲ್ಲರೂ ನಂಬಿದ್ದಾರೆ. ಎಫ್‌ಎಆರ್ ಅದೇ 2.5 ಇದ್ದರೆ ಒಂದು ಮನೆಯೂ ಜಾಸ್ತಿ ಬರೋದಿಲ್ಲ. ಹದಿನಾಲ್ಕು ಮಹಡಿ ಕಟ್ಟಿದರೆ ಜಾಗದ ನೂರಕ್ಕೆ ಹದಿನೆಂಟು ಭಾಗದ ಮೇಲೆ ಕಟ್ಟಡ ನಿಲ್ಲುತ್ತದೆ. ಐದೇ ಮಹಡಿ ಕಟ್ಟಿದರೆ ಅರ್ಧ ಜಾಗ ಬೇಕು. ಮನೆ ಅಷ್ಟೇ. ಖಾಲಿ ಜಾಗ ಎಲ್ಲಿದೆ ಅನ್ನೋದು ಮಾತ್ರ ಬದಲಾಗುತ್ತದೆ.

ಅಂಚಿನ ಸುತ್ತ ಐದು ಮಹಡಿ, ನಡುವೆ ದೊಡ್ಡ ಅಂಗಳ. ಆ ಅಂಗಳಕ್ಕೆ ನಾಲ್ಕೂ ಕಡೆಯಿಂದ ಅಡುಗೆಮನೆಯ ಕಿಟಕಿ ಕಾಣಬೇಕು. ಮಗು ಬಿದ್ದರೆ ಯಾರಿಗಾದರೂ ಕೇಳಿಸುತ್ತದೆ. ಹದಿನಾಲ್ಕನೇ ಮಹಡಿಯಿಂದ ಕೇಳಿಸೋದಿಲ್ಲ.

ಹಾಗಂತ ಇದೂ ಬರೀ ಲಾಭವಲ್ಲ. ಅರ್ಧ ಜಾಗ ಕಟ್ಟಡಕ್ಕೇ ಹೋದರೆ ಕೆಳಗಿನ ಮನೆಗಳಿಗೆ ಬೆಳಕು ಕಡಿಮೆ. ಅಂಗಳದ ಅಗಲ ಕಟ್ಟಡದ ಎತ್ತರಕ್ಕಿಂತ ಕಿರಿದಾದರೆ ಅದು ಅಂಗಳ ಅಲ್ಲ, ಬಾವಿ. ಏಳು ಮಹಡಿಗೆ ಹೋದರೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ನನಗೆ ಕೇಳಿದರೆ ಐದರಿಂದ ಏಳರ ನಡುವೆ ಎಲ್ಲೋ ನಿಲ್ಲಿಸುತ್ತೇನೆ. ವಿಯೆನ್ನಾದ ಕಾರ್ಲ್ ಮಾರ್ಕ್ಸ್ ಹೋಫ್ 1930ರಲ್ಲಿ ಮುಗಿದ ಕಟ್ಟಡ. 1,382 ಮನೆಗಳು, ಉದ್ದ ಒಂದು ಕಿಲೋಮೀಟರಿಗೂ ಜಾಸ್ತಿ. ಒಳಗೆ ಬಟ್ಟೆ ಒಗೆಯುವ ಕೋಣೆ, ಮಕ್ಕಳ ಶಾಲೆ, ಗ್ರಂಥಾಲಯ. ಜಾಗದಲ್ಲಿ ಐದನೇ ಒಂದು ಭಾಗವನ್ನೂ ಪೂರ್ತಿ ಕಟ್ಟಿಲ್ಲ, ಉಳಿದದ್ದು ತೋಟ, ಆಟದ ಅಂಗಳ. ಅವರಿಗೆ ಜಾಗ ದೊಡ್ಡದಿತ್ತು ಅನ್ನಿ. ನಮಗೆ ಎರಡೇ ಎಕರೆ.

ಪಂಪ್‌ಹೌಸ್

ಐದು ಮಹಡಿ ಅಂತ ಲಿಫ್ಟು ಬೇಡ ಅಂದುಬಿಡುತ್ತಾರೆ, ಹುಷಾರು. ಖರ್ಚು ಉಳಿಸಲು ಮೊದಲು ಕೈಹಾಕೋದೇ ಅದಕ್ಕೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಲಿಫ್ಟಿನ ಬದಲು ಪ್ಯಾಸೇಜಿನಿಂದ ಜೋಡಿಸಿ ಎಲ್ಲರಿಗೂ ಸೇರಿ ಎರಡು ಒಳ್ಳೇ ಲಿಫ್ಟು ಹಾಕಲಿ. ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ತಿರುಗಬೇಕು. ಇದನ್ನು ನಕ್ಷೆಯಲ್ಲಿ ಬರೆಸಿಕೊಳ್ಳಿ.

ಎದುರು ಬೀದಿ

ನಾನು ಎದುರು ಬೀದಿಯವನು. ನಿಜ ಹೇಳುತ್ತೇನೆ, ನನಗೆ ಭಯ ಇದೆ. ಬಡವರ ಮೇಲಲ್ಲ, ಚರಂಡಿ ಮೇಲೆ. ಮಳೆ ಬಂದರೆ ಈಗಲೇ ಮ್ಯಾನ್‌ಹೋಲ್ ಉಕ್ಕುತ್ತದೆ. ನಾನೂರು ಮನೆ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ನೀರು ಅಂದರೂ 2,16,000 ಲೀಟರ್. ಬಂದ ನೀರಿನಲ್ಲಿ ಬಹುಪಾಲು ಅದೇ ಹಳೇ ಪೈಪಿನಲ್ಲಿ ಹೋಗಬೇಕು ತಾನೇ?

ಅಳತೆಟೇಪು

ಸರಿಯಾದ ಪ್ರಶ್ನೆ, ಇದನ್ನೂ ಸಭೆಯಲ್ಲಿ ಕೇಳಿ. ಪೈಪು ಬದಲಿಸುವ ಖರ್ಚು ಯೋಜನೆಯ ಒಳಗೇ ಇರಬೇಕು, ಮನೆಗಳ ಕೀಲಿ ಕೊಡುವ ಮೊದಲೇ ಆ ಕೆಲಸ ಮುಗಿಯಬೇಕು. ಒಂದೇ ವಿನಂತಿ. ‘ಪೈಪು ಸಾಲದು, ಅದಕ್ಕೆ ಮನೆ ಬೇಡ’ ಅನ್ನಬೇಡಿ. ‘ಮನೆ ಬೇಕು, ಅದಕ್ಕೆ ಪೈಪು ಕೊಡಿ’ ಅನ್ನಿ. ಎರಡು ಬೀದಿಯವರೂ ಒಟ್ಟಿಗೆ ಹೋಗಬಹುದು.

ಕಟ್ಟೆ ಮೇಲೆ ಕೂತವನು

ನನ್ನ ಮೂಲ ವಾದ ಇನ್ನೂ ಇದೆ. ನಾನೂರು ಮನೆಯಿಂದ ಊರ ಬಾಡಿಗೆ ಇಳಿಯೋದಿಲ್ಲ. ಸುತ್ತಲಿನ ಎರಡು ಮಹಡಿಯ ಬೀದಿಗಳಲ್ಲೂ ನಾಲ್ಕೈದು ಮಹಡಿಗೆ ಅನುಮತಿ ಕೊಡಬೇಕು. ಆಕ್ಲೆಂಡ್ 2016ರಲ್ಲಿ ವಸತಿ ಪ್ರದೇಶದ ಸುಮಾರು ಮುಕ್ಕಾಲು ಭಾಗದಲ್ಲಿ ಜಾಸ್ತಿ ಮನೆ ಕಟ್ಟಲು ಬಿಟ್ಟಿತು. ಆಮೇಲೆ ಹೊಸ ಮನೆಗಳ ಅನುಮತಿ ಜೋರಾಗಿ ಏರಿತು.

ಲೆಕ್ಕದ ಪುಸ್ತಕ

ಇದನ್ನು ನಾನು ವಿರೋಧಿಸೋದಿಲ್ಲ. ಎರಡೂ ಬೇಕು. ಬಾಡಿಗೆಗೆ ಮಿತಿ ಹಾಕಿ ಸುಮ್ಮನೆ ಕೂತರೂ ಆಗೋದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1994ರಲ್ಲಿ ಸಣ್ಣ ಕಟ್ಟಡಗಳಿಗೂ ಬಾಡಿಗೆ ಮಿತಿ ಬಂತು. ಇದ್ದ ಬಾಡಿಗೆದಾರರು ಅಲ್ಲೇ ಉಳಿಯಲು ಸಹಾಯ ಆಯಿತು. ಆದರೆ ಮಿತಿ ಬಿದ್ದ ಕಟ್ಟಡಗಳ ಮಾಲೀಕರು ಬಾಡಿಗೆ ಮನೆಗಳನ್ನು ನೂರಕ್ಕೆ ಹದಿನೈದರಷ್ಟು ಕಡಿಮೆ ಮಾಡಿದರು ಅಂತ ಆಮೇಲಿನ ಅಧ್ಯಯನ ತೋರಿಸಿತು. ಆದರೆ ಮಾರುಕಟ್ಟೆ ಎಷ್ಟೇ ಕಟ್ಟಿದರೂ ತೀರ ಕೆಳಗಿನ ಆದಾಯದವರ ತನಕ ಅದು ಇಳಿದು ಬರಲು ಬಹಳ ವರ್ಷ ಬೇಕು. ‘ಬಾಡಿಗೆ ಮನೆ’ ಅವರ ಅಕ್ಕನಿಗೆ ಅಷ್ಟು ವರ್ಷ ಇಲ್ಲ.

ಬಾಡಿಗೆ ಮನೆ

ಯಾರೂ ಹೇಳದ ಒಂದು ಮಾತು. ಕಟ್ಟುವಾಗ ಆ ಅರವತ್ತು ಕುಟುಂಬ ಎಲ್ಲಿರಬೇಕು? ‘ತಾತ್ಕಾಲಿಕ ಶೆಡ್’ ಅನ್ನುತ್ತಾರೆ. ತಾತ್ಕಾಲಿಕ ಶೆಡ್ಡಿನಲ್ಲಿ ಹುಟ್ಟಿದ ಮಕ್ಕಳು ಅಲ್ಲಿಂದಲೇ ಶಾಲೆ ಮುಗಿಸಿದ್ದನ್ನು ನಾನು ನೋಡಿದ್ದೇನೆ.

ಅಳತೆಟೇಪು

ಇಲ್ಲಿ ಒಂದು ಅದೃಷ್ಟ ಇದೆ. ಡಿಪೋ ಜಾಗ ಈಗಾಗಲೇ ಖಾಲಿ. ಖಾಲಿ ಜಾಗದಲ್ಲಿ ಮೊದಲ ಕಟ್ಟಡ ಎಬ್ಬಿಸಲಿ. ಅರವತ್ತು ಕುಟುಂಬ ಶೀಟಿನ ಮನೆಯಿಂದ ನೇರವಾಗಿ ಹೊಸ ಮನೆಗೆ ಹೋಗಲಿ. ಆಮೇಲೆ ಹಿಂದಿನ ಗೋಡೆಯ ಜಾಗದಲ್ಲಿ ಎರಡನೇದು. ಸಾಮಾನು ಕಟ್ಟೋದು ಒಂದೇ ಸಲ. ಇಷ್ಟು ಸುಲಭದ್ದು ಕರಡಿನಲ್ಲಿ ಇಲ್ಲ ಅಂದರೆ ಕೇಳಲೇಬೇಕು.

ಜೊತೆಗೆ ಯಾರ ಹೆಸರು ಪಟ್ಟಿಯಲ್ಲಿದೆ ನೋಡಿ. ಮುಂಬೈಯ ಕೊಳೆಗೇರಿ ಪುನರ್ವಸತಿಯಲ್ಲಿ 2000ದ ಜನವರಿ 1ರ ಒಳಗೆ ಇದ್ದವರು, ಆಮೇಲೆ ಬಂದವರು ಅಂತ ಗೆರೆ ಎಳೆದರು. ಆ ಗೆರೆಯ ಆಚೆ ಬಿದ್ದವರ ಗೋಳು ವರ್ಷಗಟ್ಟಲೆ ನಡೆಯಿತು. ಶೀಟಿನ ಮನೆಯಲ್ಲೂ ಬಾಡಿಗೆಗೆ ಇರುವವರಿದ್ದಾರೆ ಅಲ್ವಾ? ಅವರನ್ನು ಎಣಿಸಿದ್ದಾರಾ?

ಓಣಿಯವಳು

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಎಣಿಸಿಲ್ಲ. ನಾವೇ ಎಣಿಸಿದೆವು. ಅರವತ್ತಲ್ಲ, ಎಪ್ಪತ್ತಮೂರು ಕುಟುಂಬ. ಹದಿಮೂರು ಬಾಡಿಗೆಯವರು.

ನಿನ್ನೆ ಭಾನುವಾರ ಇನ್ನೊಂದು ಕೆಲಸ ಮಾಡಿದೆವು. ಅಳತೆಟೇಪು ಸರ್ ಹೆಸರು ನೋಡಿಯೇ ಹೊಳೆದದ್ದು. ನಕ್ಷೆಯಲ್ಲಿದ್ದ ಮನೆಯ ಅಳತೆ ಬರೆದುಕೊಂಡು, ಡಿಪೋದ ಸಿಮೆಂಟ್ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಪೂರ್ತಿ ಮನೆ ಎಳೆದೆವು. ಗೋಡೆ, ಬಾಗಿಲು, ಬಚ್ಚಲು ಎಲ್ಲ ನಿಜವಾದ ಅಳತೆಯಲ್ಲಿ. ಆಮೇಲೆ ಮನೆಯಿಂದ ಒಂದು ಮಂಚ, ಒಂದು ಬೀರು, ನನ್ನ ಹೊಲಿಗೆ ಮಷೀನು ತಂದಿಟ್ಟೆವು. ಮಂಚ ಹಿಡಿಯಿತು. ಬೀರು ಹಿಡಿಯಿತು. ಮಷೀನು ಇಟ್ಟರೆ ಕೋಣೆಯ ಬಾಗಿಲು ತೆಗೆಯಲು ಆಗೋದಿಲ್ಲ. ನಮ್ಮ ಸಾಲಿನಲ್ಲಿ ಇಪ್ಪತ್ತೆರಡು ಮನೆಯಲ್ಲಿ ಮಷೀನಿದೆ.

ಪಕ್ಕದ ಮನೆ ಅಜ್ಜಿ ಬಚ್ಚಲಿನ ಗೆರೆಯೊಳಗೆ ನಿಂತು ಸುತ್ತ ತಿರುಗಿ ನೋಡಿದರು. ‘ಇಲ್ಲಿ ನಾನು ಬಿದ್ದರೆ ಬಾಗಿಲು ಒಳಗೆ ತೆರೆಯುತ್ತಲ್ಲೇ, ನೀವು ಹೇಗೆ ಬರ‍್ತೀರಿ?’ ಅಂದರು. ಯಾರಿಗೂ ಹೊಳೆದಿರಲಿಲ್ಲ.

ಎದುರು ಬೀದಿಯವರೂ ನಾಲ್ಕು ಜನ ಬಂದಿದ್ದರು. ಅವರೇ ಟೇಪಿನ ಆ ಕಡೆ ತುದಿ ಹಿಡಿದರು. ಬಚ್ಚಲಿನ ಬಾಗಿಲು ಹೊರಗೆ ತೆರೆಯುವ ಹಾಗೆ, ಕೋಣೆಯ ಬಾಗಿಲು ಎರಡು ಅಡಿ ಆಚೆ ಬರುವ ಹಾಗೆ ಗೆರೆ ಅಳಿಸಿ ಮತ್ತೆ ಎಳೆದಿದ್ದೇವೆ. ಫೋಟೋ ಇದೆ. ಪಂಪ್‌ಹೌಸ್ ಅಣ್ಣ, ಗುರುವಾರ ಹತ್ತೂವರೆಗೆ ಸಭೆ. ಆ ಮೂರು ಪ್ರಶ್ನೆ ನೀವೇ ಬಂದು ಕೇಳಿದರೆ ಚೆನ್ನಾಗಿತ್ತು.

ಪಂಪ್‌ಹೌಸ್

ಗುರುವಾರ ಟ್ಯಾಂಕ್ ತೊಳೆಯೋ ದಿನ. ಬುಧವಾರ ರಾತ್ರಿಯೇ ಮುಗಿಸಿಕೊಂಡು ಬರುತ್ತೇನೆ.